ತಣ್ಣಗಿದ್ದಾಗ ಮಾತ್ರ ಸೋರುವ ಕಾರು

ಇಂಜಿನ್ ಬಿಸಿಯಾಗೋದು ನನಗೆ ಹೊಸ ರೋಗವಲ್ಲ. ಮೈಸೂರಿನ ಉದಯಗಿರಿಯ ನನ್ನ ಶೆಡ್ಡಿಗೆ ಬರುವ ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಅದೇ ಕಥೆ. ಬಾನೆಟ್‌ನಿಂದ ಹಬೆ ಎದ್ದ ಮೇಲೆ, ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದು, "ನಿನ್ನೆ ತಂಕ ಚೆನ್ನಾಗೇ ಇತ್ತು ಮೇಸ್ತ್ರೀ" ಅಂತ ಸುಳ್ಳು ಹೇಳುತ್ತಾರೆ. ನಾನೂ "ಹೌದಾ ಸ್ವಾಮಿ" ಅಂತ ನಂಬಿದವನ ಹಾಗೆ ತಲೆ ಆಡಿಸುತ್ತೇನೆ. ಆದರೆ ಹೋದ ಧನುರ್ಮಾಸದಲ್ಲಿ ಇಲವಾಲದಿಂದ ಬಂದ ಆ ಬಿಳಿ ಕಾರಿನ ವಿಷಯವೇ ಬೇರೆ. ಅದು ನೆನಪಾದರೆ ಈಗಲೂ ಕೈಲಿರೋ ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತೇನೆ.

ಕಾರು ತಂದವರಿಗೆ ಇಲವಾಲದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಧನುರ್ಮಾಸದಲ್ಲಿ ಮದುವೆ ಮುಂಜಿ ಇರಲ್ಲವಲ್ಲ, ಹಾಗಾಗಿ ಕಾರಿನ ಕಡೆ ನೋಡೋಕೆ ಅವರಿಗೆ ಪುರುಸೊತ್ತು ಸಿಕ್ಕಿತ್ತು. ಮಾತು ಕಮ್ಮಿ ಮನುಷ್ಯ. ಕಾರು ಅವರದಲ್ಲ, ಹಿಂದಿನ ವರ್ಷ ತೀರಿಹೋದ ಅವರ ಅಣ್ಣನದು. ಮೂವತ್ತು ವರ್ಷದ ಹತ್ತಿರ ಬಂದ ಗಾಡಿ. ಒಳಗೆ ಈಗಿನ ಹಾಗೆ ಅಲ್ಯೂಮಿನಿಯಂ ಪ್ಲಾಸ್ಟಿಕ್ ಅಲ್ಲ, ಹಳೇ ಕಾಲದ ತಾಮ್ರ ಹಿತ್ತಾಳೆ ರೇಡಿಯೇಟರು, ಸಂದಿಗೆಲ್ಲ ಸೀಸದ ಬೆಸುಗೆ. ಆದರೂ ಎಲ್ಲೂ ತುಕ್ಕು ಇಲ್ಲ. ಇಟ್ಟುಕೊಂಡವನು ಪ್ರೀತಿಯಿಂದ ಇಟ್ಟುಕೊಂಡಿದ್ದ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಹೋಗಿತ್ತು. ಅಣ್ಣ ಎತ್ತರದ ಆಳಂತೆ, ಇವರು ಗಿಡ್ಡ. ಸೀಟಿನ ತುದೀಲಿ ಕೂತು, ಕಾಲು ನೀಡಿ ನೀಡಿ ಕ್ಲಚ್ ಒತ್ತುತ್ತಿದ್ದರು. ನೋಡೋಕಾಗದೆ, "ಮುಂದಕ್ಕೆ ಎಳ್ಕೊಳ್ಳಿ ಸ್ವಾಮಿ, ಒಂದು ಲಿವರ್ ಅಷ್ಟೇ" ಅಂದೆ.

"ಬ್ಯಾಡ ಬುಡಿ ಮೇಸ್ತ್ರೀ. ಅಣ್ಣ ಹೋಗಿದ್ದು ಅದೇ ಸೀಟಲ್ಲಿ ಕೂತ್ಕೊಂಡು. ಎದೆ ನೋವು ಬಂದದೆ, ಹುಣಸೂರು ರೋಡಲ್ಲಿ ಪಕ್ಕಕ್ಕೆ ನಿಲ್ಸಿ, ಇಂಡಿಕೇಟರ್ ಹಾಕ್ಕೊಂಡು, ಅಂಗೇ ಹೋಗ್ಬುಟ್ಟವ್ನೆ."

ಆಮೇಲೆ ಆ ಸೀಟಲ್ಲಿ ಕೂತು ಕಾರನ್ನು ಶೆಡ್ ಒಳಗೆ ತಗೊಳ್ಳಬೇಕಾದವನು ನಾನು! ಕೂತೆ. ನನ್ನ ಕಾಲಿಗೂ ಪೆಡಲ್ ದೂರವೇ. ಲಿವರ್ ಮೇಲೆ ಕೈ ಹೋಯಿತು, ಆದರೆ ಎಳೆಯೋಕೆ ಮನಸ್ಸು ಬರಲಿಲ್ಲ.

ಅವರ ದೂರು ಒಂದೇ. ಇಂಜಿನ್ ತಣ್ಣಗಿಡೋ ಕೂಲೆಂಟ್ ಕಾಣೆಯಾಗುತ್ತಿದೆ. ತುಂಬಿಸಿದರೆ ನಾಲ್ಕಾರು ದಿನಕ್ಕೆ ಮತ್ತೆ ಕೆಳಗಿಳಿದಿರುತ್ತೆ, ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಏರುತ್ತೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ. ಒಳಗೆ ದಾಸವಾಳದ ಬಣ್ಣದ ಕೆಂಪು ಕೂಲೆಂಟು. ಮುಚ್ಚಳದ ಅಡೀಲಿ ಕಂದು ಬಣ್ಣದ ಅಂಟು ಬೇರೆ.

"ಇದು ಯಾವಾಗ ಹಾಕಿಸಿದ್ದು?"

"ಅಣ್ಣನ ತಿಥಿ ಆದ್ಮೇಲೆ. ಅವನು ಹಸ್ರುದು ಹಾಕ್ತಿದ್ದ. ನಾನು ಅಂಗಡೀಲಿ ಕೇಳ್ದೆ, ಇರೋದ್ರಲ್ಲೆಲ್ಲ ಒಳ್ಳೇದು ಯಾವ್ದು ಕೊಡಿ ಅಂತ. ಇದು ಹೊಸ ತರದ್ದು, ತುಂಬ ದಿನ ಬಾಳಿಕೆ ಬರುತ್ತೆ ಅಂದ್ರು. ಅಣ್ಣನ ಕಾರು, ಕಮ್ಮೀದು ಹಾಕ್ಬಾರ್ದು ಅಂತ ತಂದೆ." ಡಿಕ್ಕಿ ತೆಗೆದು ಅದರ ಕ್ಯಾನ್ ತೋರಿಸಿದರು. ಮಕ್ಕಳ ಔಷಧಿ ಬಾಟ್ಲಿ ಹಾಗೆ ಬಟ್ಟೇಲಿ ಸುತ್ತಿ ಇಟ್ಟಿದ್ದರು.

ಬಣ್ಣ ನೋಡಿ ಕೂಲೆಂಟ್ ತರೋದು ನಮ್ಮೂರಲ್ಲಿ ಎಲ್ಲರ ಅಭ್ಯಾಸ. "ಹಸ್ರು ಹಳೇದು, ಕೆಂಪು ಹೊಸದು" ಅಂತ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಬಣ್ಣಕ್ಕೂ ಗುಣಕ್ಕೂ ಗಟ್ಟಿಯಾದ ಸಂಬಂಧ ಏನೂ ಇಲ್ಲ, ಅದು ತಯಾರು ಮಾಡೋರು ಬೆರೆಸೋ ಬಣ್ಣ ಅಷ್ಟೇ. ಒಳಗೆ ತುಕ್ಕು ತಡೆಯೋ ಮದ್ದು ಯಾವ ಜಾತೀದು ಅನ್ನೋದೇ ಮುಖ್ಯ. ಆದರೆ ಆವತ್ತು ಅದನ್ನೆಲ್ಲ ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. ಮೊದಲು ಸೋರಿಕೆ ಹುಡುಕೋಣ ಅಂತ ಶುರು ಮಾಡಿದೆ.

ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ಮುಚ್ಚಳದ ಜಾಗಕ್ಕೆ ಪ್ರೆಷರ್ ಪಂಪ್ ಕೂರಿಸಿ ಗಾಳಿ ಒತ್ತಿದೆ. ಪಂಪಿನ ಮುಳ್ಳು ನಿಂತಲ್ಲೇ ನಿಂತಿತು, ಸೋರುತ್ತಿದ್ದರೆ ಅದು ಇಳಿಯಬೇಕು. ಹೋಸ್, ವಾಟರ್ ಪಂಪು, ರೇಡಿಯೇಟರಿನ ಬೆಸುಗೆ ಎಲ್ಲಾ ಬೆರಳಾಡಿಸಿ ನೋಡಿದೆ, ಎಲ್ಲೂ ತೇವ ಇಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಆಯಿಲ್ ಜತೆ ನೀರು ಸೇರಿ ಮಜ್ಜಿಗೆಯಾಗಿರುತ್ತೆ. ಆಯಿಲ್ ಅಳೆಯೋ ಕಡ್ಡಿ ಎತ್ತಿ ನೋಡಿದರೆ ಆಯಿಲ್ ಶುದ್ಧವಾಗಿದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಸರಿ, ಅವರದೇ ಕ್ಯಾನ್‌ನಿಂದ ತುಂಬಿಸಿ ಕಳಿಸಿದೆ. ವಾರ ಕಳೆಯೋದರೊಳಗೆ ವಾಪಸ್ ಬಂದರು. ಮತ್ತೆ ಕೆಳಗಿಳಿದಿತ್ತು.

"ಇಲ್ಲೇ ಬಿಟ್ಟು ಹೋಗಿ ಸ್ವಾಮಿ, ನಾನೇ ಇಟ್ಕೊಂಡು ನೋಡ್ತೀನಿ" ಅಂದೆ.

ಅವತ್ತು ಸಂಜೆ ಕಾರನ್ನು ಊರೆಲ್ಲ ಓಡಿಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ. ಕೀ ತೆಗೆದು ಜೇಬಿಗೆ ಹಾಕಿಕೊಂಡು, ಕೈ ತೊಳೆಯೋಕೆ ಹಿಂದಿನ ನಲ್ಲಿ ಹತ್ರ ಹೋದೆ. ಗರ್ ಅಂತ ಶಬ್ದ. ತಿರುಗಿ ನೋಡಿದರೆ ಕಾರಿನ ಫ್ಯಾನು ತಾನೇ ತಿರುಗುತ್ತಿದೆ! ಕೀ ನನ್ನ ಜೇಬಲ್ಲಿದೆ. ಹಳೇ ವೈರಿಂಗಿನಲ್ಲಿ ಅದು ಮಾಮೂಲಿ. ಬಿಸಿಗೆ ಸ್ವಿಚ್ ತಾನೇ ಕೂಡಿಕೊಂಡು, ಕೀ ಇರಲಿ ಬಿಡಲಿ ಫ್ಯಾನು ತಿರುಗುತ್ತೆ. ಎಷ್ಟೋ ಸಲ ಗಿರಾಕಿಗಳಿಗೆ ನಾನೇ ನಕ್ಕೊಂಡು ಹೇಳಿದ್ದೇನೆ. ಆದರೂ ಆವತ್ತು ಆ ಹಿಂದಕ್ಕೆ ಸರಿದ ಖಾಲಿ ಸೀಟು, ತಿರುಗೋ ಫ್ಯಾನು ಎರಡನ್ನೂ ಒಟ್ಟಿಗೆ ನೋಡಿ ನಲ್ಲಿ ನಿಲ್ಲಿಸೋದನ್ನೂ ಮರೆತೆ. ಫ್ಯಾನು ನಿಲ್ಲೋವರೆಗೂ ಒಳಗೆ ಕಾಲಿಡಲಿಲ್ಲ, ನಲ್ಲಿ ಹತ್ರವೇ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಹೆದರಿದ್ದೆ.

ಬೆಳಗ್ಗೆ ಬಂದು ಮುಚ್ಚಳ ತೆಗೆದರೆ ಕೂಲೆಂಟ್ ಇಳಿದಿದೆ. ಕೆಳಗೆ ನೋಡಿದರೆ ಗುರುತೇ ಇಲ್ಲ. ನನ್ನ ಶೆಡ್ಡಿನ ನೆಲ ವರ್ಷಾನುಗಟ್ಟಲೆ ಆಯಿಲ್ ಕುಡಿದು ಕರ್ರಗಾದ ಮಣ್ಣು. ಅದರ ಮೇಲೆ ಏನು ಬಿದ್ದರೂ ನುಂಗಿಬಿಡುತ್ತೆ. ಇಂಜಿನ್ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಪಂಪ್ ಹಾಕಿದೆ. ಮುಳ್ಳು ಮತ್ತೆ ಅಲ್ಲಾಡಲಿಲ್ಲ. ಮತ್ತೊಂದು ರಾತ್ರಿ ಇಟ್ಟುಕೊಂಡೆ, ಮತ್ತೆ ಅದೇ. ಹೊರಗೂ ಇಲ್ಲ, ಒಳಗೂ ಇಲ್ಲ, ಎಲ್ಲಿಗೆ ಹೋಗುತ್ತೆ ಇದು? ಊಟಕ್ಕೆ ಕೂತರೂ ತಲೇಲಿ ಅದೇ ಕಾರು. ನನ್ನ ಹೆಂಡತಿ ಮುಖ ನೋಡಿ, "ಯಾವ ಗಾಡಿ ಮುಟ್ಟಿದೀರಿ ನೀವು?" ಅಂತ ಕೇಳಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೇಡ ಅನ್ನಲಿಲ್ಲ ನಾನು.

ಕೊನೆಗೆ ಉಳಿದಿದ್ದು ಒಂದೇ ದಾರಿ. ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆ ಬಿರುಕಿದ್ದು, ಇಂಜಿನ್ನೇ ಗುಟ್ಟಾಗಿ ಕುಡಿಯುತ್ತಿರಬಹುದು ಅಂತ ಲೆಕ್ಕ ಹಾಕಿ, ಹೆಡ್, ಅಂದರೆ ಇಂಜಿನ್ನಿನ ತಲೆಭಾಗ, ಇಳಿಸಬೇಕು ಅಂದೆ. ದೊಡ್ಡ ಕೆಲಸ. ಹಳೇ ಬೋಲ್ಟು, ಬಿಚ್ಚೋವಾಗ ಒಂದು ಮುರಿದರೂ ಕಾರು ಗುಜರಿಗೆ. ಅದನ್ನೂ ಹೇಳಿದೆ. ಅವರು ಯೋಚನೇನೇ ಮಾಡಲಿಲ್ಲ.

"ತಗೀರಿ ಮೇಸ್ತ್ರೀ. ಗ್ರಹಚಾರ ನೆಟ್ಟಗಿಲ್ಲ ನಮ್ದು. ಮನೇಗೇ ಯಾರೋ ಮಾಟ ಮಾಡ್ಸವ್ರೆ, ಕಾರಿಗೆ ತಗಲ್ದೆ ಇರುತ್ತಾ? ಈ ವಾರ ಅತ್ತಿಗೇನ ಅವರಣ್ಣನ ಮನೇಗೆ ಕಳಿಸ್ಬುಡ್ತೀವಿ. ಆಮೇಲೆ ಎಲ್ಲಾ ಸರಿಹೋಗ್ಬೋದು."

ಅತ್ತಿಗೆ ಅಂದರೆ ಆ ತೀರಿಹೋದ ಅಣ್ಣನ ಹೆಂಡತಿ. ಮಕ್ಕಳಿಲ್ಲ. ಮದುವೆಯಾದಾಗಿನಿಂದ ಅದೇ ಮನೆ. ಮಾಟಕ್ಕೂ ಆಕೆಗೂ ಏನು ಸಂಬಂಧ ಅಂತ ಕೇಳಿದೆ. ನನಗೆ ಬೇಡದ ವಿಷಯ, ಆದರೆ ಕೇಳದೆ ಇರೋಕಾಗಲಿಲ್ಲ.

ಆ ಮನುಷ್ಯ ಶೆಡ್ಡಿನ ಟೈರ್ ಮೇಲೆ ಕೂತು ಎಲ್ಲ ಹೇಳಿದರು. ಅವರ ಹೆಂಡತಿಗೆ ಹೋದ ವರ್ಷ ಹೊಟ್ಟೇಲಿದ್ದ ಮಗು ಹೋಯಿತು. ಈಗ ಮತ್ತೆ ಬಸುರಿ. ಚಳಿ ಶುರುವಾದಾಗಿನಿಂದ ಬೆಳಗಾದರೆ ರಂಗೋಲಿ ಮೇಲೆ ಕೆಂಪು ನೀರು. ಯಾರೋ ಕುಂಕುಮ ಕಲಸಿ ಹೊಯ್ದ ಹಾಗೆ. ಅತ್ತಿಗೆ ಕತ್ತಲಲ್ಲೇ ಎದ್ದು ಅಂಗಳ ಗುಡಿಸಿ ನೀರು ಹಾಕುತ್ತಾರೆ. ಆಮೇಲೆ ಇವರ ಹೆಂಡತಿ ಬಂದು ರಂಗೋಲಿ ಬಿಡುತ್ತಾಳೆ. ಬೆಳಕು ಹರಿದು ನೋಡಿದರೆ ಬಿಳಿ ಎಳೆಗಳೆಲ್ಲ ಕೆಂಪು. ಅತ್ತಿಗೆ ಬಕೆಟ್ಟಿಂದಲೇ ಬರ್ತಿದೆ ಅಂತ ಆ ಬಸುರಿ ಹುಡುಗಿ ಅಳೋಕೆ ಶುರು ಮಾಡಿದಳು. ಅಷ್ಟರಲ್ಲಿ ಅತ್ತಿಗೆ ಸಾಕಿದ ಬೆಕ್ಕು ಅಂಗಳದಲ್ಲೇ ಒದ್ದಾಡಿ ಸತ್ತಿತು. ತನ್ನ ಬೆಕ್ಕನ್ನೇ ಬಲಿ ಕೊಟ್ಟಳು ಅಂತ ಕೇರಿಯೋರು ಮಾತಾಡಿಕೊಂಡರು. ಹುಡುಗಿ ಆಕೆ ಕೈಯಿಂದ ನೀರು ಕೂಡ ಇಸ್ಕೊಂಡು ಕುಡಿಯುತ್ತಿಲ್ಲ.

"ನಂಗೂ ನಂಬೋಕೆ ಇಷ್ಟ ಇಲ್ಲ ಮೇಸ್ತ್ರೀ. ಅಮ್ಮ ಹೋದ್ಮೇಲೆ ಅನ್ನ ಹಾಕ್ದೋರು ಅವ್ರೇ. ಆದ್ರೆ ಈ ಮಗೂಗೂ ಏನಾದ್ರೂ ಆದ್ರೆ?" ಕಣ್ಣು ಒರೆಸಿಕೊಂಡರು.

ಅದಕ್ಕೆ ನಾನು ಕೇಳಿದ್ದು ಬೇರೇನೇ. "ಕಾರು ನನ್ನ ಹತ್ರ ಇದ್ದಾಗ ಕೆಂಪು ನೀರು ಬಂತಾ?"

ಅವರು ಯೋಚಿಸಿದರು. "ಇಲ್ಲ. ತಾಯತ ಯಂತ್ರ ಕಟ್ಟೋರ್ನ ಕೇಳ್ದೆ ಅದ್ನ. ಗಾಡಿ ಬೆನ್ನತ್ತಿ ಮಾಟಾನೂ ಹೋಗಿತ್ತು ಅಂದ್ರು."

ಹೆಡ್ ಬಿಚ್ಚೋಕೆ ಅಂತ ತೆಗೆದಿಟ್ಟಿದ್ದ ಸ್ಪ್ಯಾನರುಗಳನ್ನೆಲ್ಲ ವಾಪಸ್ ಪೆಟ್ಟಿಗೆಗೆ ಹಾಕಿದೆ. ಥೂ, ಎಂಥ ಪೆದ್ದ ನಾನು! ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ, ಬಿಸಿ ಮಾಡಿಯೇ ನೋಡುತ್ತಿದ್ದೆ. ಬಿಸಿಯಲ್ಲಿ ರಬ್ಬರು ಹಿಗ್ಗಿ ಬಾಯಿ ಮುಚ್ಚಿಕೊಂಡಿರುತ್ತೆ. ಮೈಸೂರಿನ ಮಾಗಿ ಚಳಿಗೆ ಅದು ಕುಗ್ಗಿದಾಗ ನೋಡಬೇಕು.

"ಹೆಡ್ ಬ್ಯಾಡ ಸ್ವಾಮಿ. ಕಾರು ತಗೊಂಡೋಗಿ, ಯಾವಾಗ್ಲೂ ನಿಲ್ಸೋ ಜಾಗದಲ್ಲೇ ನಿಲ್ಸಿ. ನಾಳೆ ಬೆಳಕು ಹರಿಯೋ ಮುಂಚೆ ಬರ್ತೀನಿ. ನಾನು ಬರೋವರ್ಗೂ ಯಾರೂ ಅದರ ಹತ್ರ ಹೋಗ್ಬೇಡಿ. ಮನೇಲಿ ಯಾರ್ಗೂ ಏನೂ ಹೇಳ್ಬೇಡಿ."

ಇದು ನಾನು ಅಂದುಕೊಂಡ ಹಾಗೆ ಇಲ್ಲದಿದ್ದರೆ ಎನ್ನುವ ಭಯವೂ ಇತ್ತು. ಬೆಳಗಿನ ಮಂಜಿನಲ್ಲಿ ಸ್ಕೂಟರ್ ಓಡಿಸಿಕೊಂಡು ಹುಣಸೂರು ರಸ್ತೇಲಿ ಹೋಗುವಾಗ, ಇಂಡಿಕೇಟರ್ ಹಾಕಿಕೊಂಡು ಪಕ್ಕಕ್ಕೆ ನಿಂತ ಒಂದು ಲಾರಿ ನೋಡಿದರೂ ಸ್ಕೂಟರ್ ನಿಧಾನ ಮಾಡುತ್ತಿದ್ದೆ.

ಹೋದಾಗ ಅತ್ತಿಗೆಯವರು ಅಂಗಳ ಗುಡಿಸಿ ಮುಗಿಸಿ, ಬಕೆಟ್ ಎತ್ತಿ ನಿಂತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ, ಬೋಳು ಹಣೆ. ಸಿಮೆಂಟ್ ಅಂಗಳ, ಗೇಟಿನ ಕಡೆಗೆ ಇಳಿಜಾರು. ಮೇಲೆ ಮೆಟ್ಟಿಲ ಹತ್ತಿರ ಕಾರಿನ ಮೂತಿ, ಕೆಳಗೆ ಗೇಟಿನ ಹತ್ತಿರ ರಂಗೋಲಿ ಜಾಗ. ಮೆಟ್ಟಿಲ ಕಡೆಯಿಂದ ನೀರು ಎರಚಿದರೆ ಕಾರಿನ ಅಡೀಲಿ ಹಾದೇ ಗೇಟಿಗೆ ಬರಬೇಕು. ನೋಡಿದ ಕೂಡಲೇ ಅರ್ಥವಾಗಿಹೋಯಿತು.

"ಅಮ್ಮಾ, ನೀರು ಹಾಕ್ಬೇಡಿ! ಒಂದು ನಿಮಿಷ" ಅಂತ ಕೂಗಿದೆ.

ಆಕೆ ಬಕೆಟ್ ಕೈಬಿಟ್ಟರು. ಅಷ್ಟೂ ನೀರು ಚೆಲ್ಲಿ ಕಾಲ ಮೇಲೇ ಹರಿಯಿತು. ಮನುಷ್ಯರು ಅಷ್ಟು ಬೆಚ್ಚಿ ಬಿದ್ದಿದ್ದು ನಾನು ನೋಡಿಲ್ಲ. ಎರಡೂ ಕೈ ಮುಂದೆ ಚಾಚಿ, ಅಂಗೈ ತೋರಿಸಿ, "ನಾನೇನೂ ಮಾಡ್ಲಿಲ್ಲ" ಅಂದರು.

ಸದ್ಯ, ನೀರು ಬದಿಗೆ ಹೋಯಿತು. ಟಾರ್ಚ್ ಹಾಕಿ ಕಾರಿನ ಕೆಳಗೆ ಮಲಗಿದೆ. ರೇಡಿಯೇಟರಿನ ಕೆಳಗಿನ ಹೋಸ್ ಸೇರೋ ಜಾಗದಲ್ಲಿ, ತಂತಿ ಕ್ಲಿಪ್ಪಿನ ಪಕ್ಕ, ಒಂದು ಕೆಂಪು ಹನಿ ದಪ್ಪವಾಗಿ ನೇತಾಡುತ್ತಿತ್ತು. ನೋಡ್ತಾ ಇದ್ದ ಹಾಗೇ ಟಪ್ ಅಂತ ಬಿತ್ತು. ಬೆಸುಗೆ ಸಂದಿಯಿಂದ ಇನ್ನೊಂದು. ಕೆಳಗೆ ಸಿಮೆಂಟಿನ ಗುಂಡೀಲಿ ಅಂಗೈ ಅಗಲ ಕೆಂಪು ಮಡು. ಅದಕ್ಕೆ ಇರುವೆ ಮುತ್ತಿತ್ತು.

ಆ ಹೊತ್ತಿಗೆ ಮಾಲೀಕರೂ ಅವರ ಹೆಂಡತಿಯೂ ಹೊರಗೆ ಬಂದರು. ಹುಡುಗಿಯ ಕೈಲಿ ರಂಗೋಲಿ ಬಟ್ಟಲು. ಕೆಂಪು ಕಂಡ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು.

"ಬಾ ತಾಯಿ, ಹತ್ರ ಬಂದು ನೋಡು. ಕುಂಕುಮದ ನೀರು ಒಣಗಿದ್ರೆ ಪುಡಿ ಉಳಿಯುತ್ತೆ. ಇದು ನೋಡು, ಜಾರುತ್ತೆ, ಅಂಟುತ್ತೆ." ಬೆರಳಿಗೆ ಹಚ್ಚಿಕೊಂಡು ತಿಕ್ಕಿ ತೋರಿಸಿದೆ. ಡಿಕ್ಕಿಯಿಂದ ಅವರ ಕ್ಯಾನ್ ತರಿಸಿ, ಬಟ್ಟಲಿನ ರಂಗೋಲಿ ಪುಡಿ ನೆಲದ ಮೇಲೆ ಸ್ವಲ್ಪ ಸುರಿದು, ಕ್ಯಾನಿಂದ ನಾಲ್ಕು ಹನಿ ಹಾಕಿ ನೀರು ಚಿಮುಕಿಸಿದೆ. ಬಿಳಿ ಪುಡಿ ಕೆಂಪನ್ನು ಹೀರಿಕೊಂಡಿತು. ದಿನಾ ಬೆಳಗ್ಗೆ ಅವರು ಕಂಡಿದ್ದು ಇದನ್ನೇ.

ಮಾಲೀಕರು ಮೆಟ್ಟಿಲ ಮೇಲೆ ಕುಸಿದು ಕೂತರು. "ನಾನೇ ತಂದು ಹಾಕಿದ್ದು" ಅಂದರು, ಯಾರಿಗೆ ಹೇಳಿದರೋ.

ಅತ್ತಿಗೆಯವರು ಕೇಳಿದ್ದು ಒಂದೇ ಮಾತು. "ಅಂಗಾದ್ರೆ ನನ್ ಬೆಕ್ಕು?"

"ಇದು ಸಿಹಿ ಇರುತ್ತೆ ಕಣಮ್ಮ. ನೆಕ್ಕಿರುತ್ತೆ ಪಾಪ. ಪ್ರಾಣಿಗಳಿಗೆ ಒಂಚೂರು ಹೋದ್ರೂ ವಿಷ, ಮನುಷ್ಯರಿಗೂ ಅಷ್ಟೇ."

ಆಕೆ ತಲೆ ಅಲ್ಲಾಡಿಸಿದರು. ಮಾಲೀಕರು ಎದ್ದು ಬಂದು ಅವರ ಕಾಲು ಹಿಡಿಯೋಕೆ ಬಗ್ಗಿದರೆ, "ಬುಡಪ್ಪ, ನೀರು ಚೆಲ್ಲಿ ಅದೆ, ಜಾರೀಯ" ಅಂತ ಪಕ್ಕಕ್ಕೆ ಸರಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಫಿ ಬಂತು. ನನಗೆ ಆ ಚಳೀಲಿ ಅಮೃತ. ಒಳಗೊಳಗೇ ಹೆಮ್ಮೆ ಬೇರೆ. ಒಂದು ಮನೆ ಉಳಿಸಿದೆ ಅಂದುಕೊಂಡು, ಸ್ಕೂಟರ್ ಅಲ್ಲೇ ಬಿಟ್ಟು, ಕಾರು ತಗೊಂಡು ಹಾಡು ಗುನುಗಿಕೊಂಡೇ ಉದಯಗಿರಿಗೆ ಬಂದೆ.

ಆಮೇಲಿನದು ನನ್ನ ಕೈಕೆಲಸ. ಅದರಲ್ಲಿ ಭಯ ಇಲ್ಲ. ಕೆಳಗಿನ ತಿರುಪು ಬಿಚ್ಚಿ ಕೆಂಪನ್ನೆಲ್ಲ ತಗಡಿನ ಡಬ್ಬಕ್ಕೆ ಇಳಿಸಿ, ಬೀದಿ ನಾಯಿ ಮೂಸದ ಹಾಗೆ ಮುಚ್ಚಳ ಬಿಗಿದೆ. ಇಂಜಿನ್ ಬ್ಲಾಕಿನ ಪಕ್ಕದ ತಿರುಪನ್ನೂ ಬಿಚ್ಚಿದೆ. ಎಷ್ಟೋ ಜನ ಅದನ್ನು ಮುಟ್ಟೋದೇ ಇಲ್ಲ, ಅರ್ಧ ಹಳೇದು ಅಲ್ಲೇ ಉಳಿಯುತ್ತೆ. ಈ ಕಾರಿನಲ್ಲಿ ಆಗಿದ್ದೂ ಅದೇ. ಅಣ್ಣನ ಕಾಲದ ಹಸಿರು ಪೂರ್ತಿ ಇಳಿಸದೆ ಮೇಲೆ ಕೆಂಪು ಹಾಕಿದ್ದಾರೆ. ಎರಡೂ ಒಂದಕ್ಕೊಂದು ಒಗ್ಗದೆ ಕಂದು ಅಂಟಾಗಿ ಸಂದಿಗೊಂದಿ ಸೇರಿತ್ತು. ಥರ್ಮೋಸ್ಟಾಟ್ ಕಳಚಿಟ್ಟು, ನೀರು ಹಾಯಿಸಿ, ಇಂಜಿನ್ ಓಡಿಸಿ, ಇಳಿಸಿ, ಮತ್ತೆ ಹಾಯಿಸಿ, ಬರೋ ನೀರು ತಿಳಿಯಾಗೋವರೆಗೂ ಅದನ್ನೇ ಮಾಡಿದೆ. ರೇಡಿಯೇಟರನ್ನು ಬೆಸುಗೆಯವರ ಹತ್ತಿರ ಕೊಟ್ಟು ಸವೆದ ಸಂದಿಗೆಲ್ಲ ಹೊಸ ಸೀಸ ಹಾಕಿಸಿದೆ. ಹೋಸ್ ಎಲ್ಲ ಹೊಸವು. ತಂತಿ ಕ್ಲಿಪ್ ಕಿತ್ತು ತಿರುಪಿನ ಪಟ್ಟಿ ಹಾಕಿದೆ.

ಕೂಲೆಂಟ್ ಆರಿಸೋದು ಕೊನೇ ಕೆಲಸ. ಬಿಡಿಭಾಗದ ಅಂಗಡಿಯವರು ಮತ್ತೆ ಕೆಂಪನ್ನೇ ಮುಂದಿಟ್ಟು, "ಈಗ ಎಲ್ಲಾರೂ ಇದನ್ನೇ ಒಯ್ಯೋದು" ಅಂದರು. ಈಗಿನ ಅಲ್ಯೂಮಿನಿಯಂ ಇಂಜಿನ್ನಿಗೆ ಅದು ಒಳ್ಳೇದೇ, ನಾನೇನು ಬೈಯಲ್ಲ. ಆದರೆ ಆ ದೀರ್ಘ ಬಾಳಿಕೆಯ ಮದ್ದು ಹಳೇ ಸೀಸದ ಬೆಸುಗೆಗೂ ಹಳೇ ರಬ್ಬರಿಗೂ ಆಗಿಬರಲ್ಲ, ಸವೆಸುತ್ತಾ ಬರುತ್ತೆ. ನಾನು ಕಂಡ ಮಟ್ಟಿಗೆ ಅದು ಹಾಗೇ. ತಾಮ್ರ ಹಿತ್ತಾಳೆ ರೇಡಿಯೇಟರಿಗೆ ಹಳೇ ಕ್ರಮದ, ಸಿಲಿಕೇಟ್ ಇರೋ ಕೂಲೆಂಟೇ ಬೇಕು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅಷ್ಟೇ ರಗಳೆ. ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ ಓದಿ, ತಾಮ್ರ ಹಿತ್ತಾಳೆ ಸೀಸ ಮೂರಕ್ಕೂ ಆಗುತ್ತೆ ಅಂತ ಬರೆದಿರೋದನ್ನು ತಂದೆ. ಅದು ಹಸಿರು ಬಣ್ಣದ್ದೇ ಆಗಿತ್ತು. ಬೋರ್ ನೀರು ಬೆರೆಸಿದರೆ ಒಳಗೆ ಸುಣ್ಣ ಕಟ್ಟುತ್ತೆ, ಅದಕ್ಕೇ ಬ್ಯಾಟರಿಗೆ ಹಾಕೋ ನೀರನ್ನು ಸಮಸಮ ಬೆರೆಸಿ, ಗಾಳಿ ಸಿಕ್ಕಿಕೊಳ್ಳದ ಹಾಗೆ ನಿಧಾನವಾಗಿ ತುಂಬಿದೆ. ರಾತ್ರಿಯೆಲ್ಲ ಕೆಳಗೆ ಬಿಳಿ ರಟ್ಟು ಹಾಸಿಟ್ಟು, ಬೆಳಗ್ಗೆ ತಣ್ಣಗಿದ್ದಾಗಲೇ ಪಂಪ್ ಹಾಕಿ ನೋಡಿದೆ. ಒಂದು ಹನಿ ಇಲ್ಲ.

ನಡುವೆ ಮಾಲೀಕರು ಫೋನ್ ಮಾಡಿ, "ಬಣ್ಣ ಇಲ್ದೇ ಇರೋದು ಸಿಗಲ್ವಾ ಮೇಸ್ತ್ರೀ?" ಅಂತ ಕೇಳಿದ್ದರು. ಸೋರಿದರೆ ಕಣ್ಣಿಗೆ ಬೀಳಲಿ ಅಂತಲೇ ಅದಕ್ಕೆ ಬಣ್ಣ ಬೆರೆಸೋದು ಸ್ವಾಮಿ ಅಂದೆ. ಅವರು ಫೋನ್ ಇಟ್ಟುಬಿಟ್ಟರು.

ಕಾರು ಮುಟ್ಟಿಸೋಕೆ ಇಲವಾಲಕ್ಕೆ ಹೋದಾಗ ಮಧ್ಯಾಹ್ನ. ಮಾಲೀಕರು ಅಂಗಡೀಲಿದ್ದರು. ಅತ್ತಿಗೆಯವರು ಒಂದು ಬಟ್ಟೆ ಚೀಲ ಹಿಡಿದು ಗೇಟಿಗೆ ಬಂದು, "ಬಸ್ ಸ್ಟಾಪ್ ತಂಕ ಬುಡ್ತೀರಾ?" ಅಂದರು. ಸಂತೆಗೋ ಎಲ್ಲಿಗೋ ಅಂದುಕೊಂಡು ಹತ್ತಿಸಿಕೊಂಡೆ. ಅವರು ಹಿಂದೆ ಕೂತರು.

"ಇನ್ನು ಸೋರಲ್ಲ ಕಣಮ್ಮ" ಅಂದೆ. ಹೊಗಳಲಿ ಅಂತ ಆಸೆ ನನಗೆ.

"ನಮ್ಮಣ್ಣನ ಮನೇಗೆ ಹೋಗ್ತಿದೀನಿ" ಅಂದರು.

"ಯಾಕಮ್ಮ? ಎಲ್ಲಾ ಬಗೆಹರೀತಲ್ಲ. ಕೂಲೆಂಟು ಅಂತ ತೋರಿಸ್ದೆನಲ್ಲ ನಾನು!"

ಕನ್ನಡೀಲಿ ನೋಡಿದೆ. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ. ಮಡಿಲಲ್ಲಿ ಕೈ ಬಿಚ್ಚಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ತೋರಿಸಿದ್ರಿ. ನೀವು ದೇವರಂಗೆ ಬಂದ್ರಿ. ಆದ್ರೆ ನನ್ ಕಥೆ ಕೇಳಿ. ದಿನಾ ಎಲ್ಲಾರೂ ನೀನೇ ನೀನೇ ಅಂದಂಗೆಲ್ಲ, ನಿದ್ದೇಲಿ ಎದ್ದು ನಾನೇ ಮಾಡ್ತಿದೀನೇನೋ ಅನ್ಸೋಕೆ ಶುರುವಾಗಿತ್ತು. ಸೆರಗನ್ನ ಮಂಚದ ಕಾಲಿಗೆ ಕಟ್ಕೊಂಡು ಮಲಗ್ತಿದ್ದೆ. ಎದ್ದ ತಕ್ಷಣ ಉಗುರಲ್ಲಿ ಕೆಂಪು ಅದಾ ಅಂತ ನೋಡ್ಕೊತಿದ್ದೆ." ಬಿಚ್ಚಿದ್ದ ಕೈ ಮಡಚಿಕೊಂಡರು. "ಹೋದ್ ವರ್ಷ ಅವಳ ಮಗು ಹೋದಾಗ, ಒಂದೇ ಒಂದು ಗಳಿಗೆ, ನನ್ ಮನ್ಸಿಗೆ ಸಮಾಧಾನ ಆಗಿತ್ತು. ನಂಗಿಲ್ದೇ ಇರೋದು ಅವಳ್ಗೂ ಬ್ಯಾಡ ಅಂತ. ಅದೂ ಕೂಲೆಂಟಾ?"

ನಾನು ಕನ್ನಡಿಯಿಂದ ಕಣ್ಣು ಕಿತ್ತು ರಸ್ತೆ ಕಡೆ ಇಟ್ಟೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಹತ್ತಿರ ಇಳಿಸಿದೆ. "ನೀವು ಹೊರಡಿ" ಅಂದರು.

ಕೀ ಕೊಡೋಕೆ ಮನೆಗೆ ವಾಪಸ್ ಹೋದರೆ ಹುಡುಗಿ ಗೇಟಲ್ಲಿ ನಿಂತಿದ್ದಾಳೆ. "ಅಕ್ಕ ಎಲ್ಲಿ?" ಅಂದಳು. ಹೇಳಿದೆ. ಆಕೆ ಕಾರಲ್ಲಿ ಆಡಿದ ಮಾತು ಹೇಳಲಿಲ್ಲ, ಹೋದರು ಅಂತಷ್ಟೇ ಹೇಳಿದೆ. ಚಪ್ಪಲೀನೂ ಹಾಕಿಕೊಳ್ಳದೆ ಬಂದು ಕಾರಲ್ಲಿ ಕೂತಳು.

"ನಡೀರಿ ಮೇಸ್ತ್ರೀ, ಬೇಗ ನಡೀರಿ. ಬಕೆಟ್ಟಿನ ಮಾತು ಮೊದ್ಲು ಬಂದಿದ್ದು ನನ್ ಬಾಯಲ್ಲೇ. ಒಂದ್ ಸಲಾನೂ ಅವರ್ನ ಕೂರ್ಸ್ಕೊಂಡು ಕೇಳ್ಲಿಲ್ಲ ನಾನು." ಉದ್ದಕ್ಕೂ ಅಳುತ್ತಿದ್ದಳು. ನಾನು ಬಸ್ ಬರದೇ ಇರಲಪ್ಪ ಅಂತ ಎಲ್ಲ ದೇವರಿಗೂ ಹೇಳಿಕೊಂಡು ಓಡಿಸಿದೆ.

ಬಸ್ ಬಂದಿರಲಿಲ್ಲ. ಹುಡುಗಿ ಹೋಗಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. ಚೀಲ ಎಳೆದುಕೊಂಡು ತನ್ನ ತೊಡೆ ಮೇಲೆ ಇಟ್ಟುಕೊಂಡಳು. "ಬನ್ನಿ ಅಕ್ಕಾ, ಮನೇಗೆ ಹೋಗಣ. ನನ್ ಬಾಣಂತನ ಯಾರ್ ಮಾಡ್ತಾರೆ ನೀವಿಲ್ದೆ?"

ಅತ್ತಿಗೆಯವರು ಅವಳ ಮುಖ ಒರೆಸಿದರು. ಕೋಪ ಇರಲಿಲ್ಲ ಅವರಿಗೆ. ಮೈಸೂರು ಕಡೆಯ ಬಸ್ಸು ದೂರದಲ್ಲಿ ಕಾಣಿಸಿತು. ಆಗ ಕೇಳಿದರು, ತೀರಾ ಮೆಲ್ಲಗೆ, "ನಾನು ಮಗು ಎತ್ಕೊಂಡ್ರೆ ನಿಂಗೆ ಭಯ ಆಗಲ್ವಾ?"

"ಇಲ್ಲಾ ಅಕ್ಕಾ" ಅಂದಳು ಹುಡುಗಿ. ತಡಮಾಡದೆ ಹೇಳಿದಳು, ಮನಸಾರೆ ಹೇಳಿದಳು. ಅದು ಸುಳ್ಳು ಅಂತ ನಾನು ಯಾವತ್ತೂ ಅನ್ನಲ್ಲ. ಆದರೆ ಹೇಳುವಾಗ ಅವಳ ಎರಡೂ ಕೈ ಚೀಲ ಬಿಟ್ಟು ಹೊಟ್ಟೆ ಮೇಲೆ ಹೋಗಿದ್ದವು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಅತ್ತಿಗೆಯವರು ಆ ಕೈಗಳನ್ನು ನೋಡಿದರು. ಅವಳ ತಲೆ ಸವರಿ, ಅವಳ ತೊಡೆ ಮೇಲಿದ್ದ ಚೀಲ ತಗೊಂಡು, ಬಸ್ ಹತ್ತಿದರು.